ಒಡಕ ಪಿಂಗಾಣಿ

ಸಂಗಾಟ ಬರಬೇಕಾದ ತಮ್ಮ
ಹೆಣ್ಣು ನೋಡಾಕಂತ ತೇರದಾಳಕ್ಕ ಹೋಗಿದ್ದ.
ಒಬ್ಬನ ಹೋದೆ.
ಸಂಜಿಗೆ ಬಿಟ್ಟ ಬಲಿ ಮುಂಜಾನಿ ಎತ್ತದಿದ್ದರ
ಮೀನು ಕೊಳೀತಾವ,
ಬೀಳಗಿ ಸಂತಿ ಯಾರಿಗೂ ಕಾಯೂದಿಲ್ಲ.

ಆಲಮಟ್ಟಿ ತುಂಬಿ ನಿಂತ ತಿಂಗಳು.
ಹೊಳಿ ಅಂತೀವಿ ಬಾಯಿರೂಢಿಗೆ,
ಖರೇ ಹೇಳಬೇಕಂದರ ಅದು ಹೊಳಿ ಅಲ್ಲ,
ನಮ್ಮ ಊರಿನ ಮ್ಯಾಲ ಹೊಚ್ಚಿದ
ತ್ಯಾಪಿ ಇಲ್ಲದ ಕೌದಿ.

ಕೊಲ್ಹಾರದ ಕಡಿಂದ ಗಾಳಿ ಎದ್ದಿತು.
ಸೇತುವಿ ಮ್ಯಾಲ ಒಂದು ಲಾರಿ
ಲೈಟ್ ಹಚ್ಚಿಕೊಂಡು ಹೊಂಟಿತ್ತು, ಇರುವಿಯಷ್ಟು.
ನಾ ಅದಕ್ಕ ಇರುವಿಯಷ್ಟೂ ಕಂಡಿರಲಿಕ್ಕಿಲ್ಲ.

ಮೊದಲನೇ ತೆರಿಗೆ ಹರಗೋಲು ಬುಗುರಿ ಆತು.
ಎರಡನೇದಕ್ಕ ಹುಟ್ಟು ಕೈಬಿಟ್ಟಿತು
(ಈ ಮಾತಿಗೆ ಇನ್ನೊಂದು ಅರ್ಥ ಐತೆಂದು
ಮಗಳು ನಕ್ಕ ಮ್ಯಾಲನ ನನಗ ಹೊಳದದ್ದು).
ಮೂರನೇದು ಬಂದಾಗ ಎಣಿಸೂದು ಬಿಟ್ಟಿದ್ದೆ.

ಬಲಿ ಕಾಲಿಗೆ ಸುತ್ತಿತು.
ನಾ ಹಾಕಿದ ಗಂಟು ಎಂಥಾವು ಅಂತ ಆವತ್ತ ತಿಳೀತು.
ಬಾಳ ಚಲೋ ಹಾಕಿದ್ದೆ.

ನೀರೊಳಗ ಕಣ್ಣು ತೆರದರ ಹಸರು ಕತ್ತಲಿ.
ಅಂಥಾ ಹೊತ್ತಿನ್ಯಾಗ ದೇವರು ನೆನಪಾಗತಾನಂತಾರ.
ನನಗ ನೆನಪಾದದ್ದು
ಮೋಟಾರ್ ಸೈಕಲ್ಲಿನ ಕೀಲಿ ಕಿಸೇದಾಗೈತಿ,
ಇನ್ನೊಂದು ಕೀಲಿ ಎಲ್ಲಿಟ್ಟೀನಂತ
ಮನ್ಯಾಗ ಯಾರಿಗೂ ಗೊತ್ತಿಲ್ಲ ಅಂಬೂದು.

ಅಂಗೈಗೆ ಏನೋ ಕೊರೀತು.
ತಣ್ಣಗ. ಗಟ್ಟಿ. ಬಿಳಿ.

ನಮ್ಮ ಓಣಿ ಕಡೀಕ ಇದ್ದ ಕರೆಂಟಿನ ಕಂಬ.
ತಂತಿ ಬಿಚ್ಚಿಕೊಂಡು ಹೋದರು,
ಕಂಬ ಕೀಳೂ ಪುರಸೊತ್ತು ಯಾರಿಗಿತ್ತು?
ನೀರಿಂದ ಒಂದು ಗೇಣು ಮ್ಯಾಲ
ಮೂರು ಪಿಂಗಾಣಿ ಹೊತ್ತು ನಿಂತಿತ್ತು.
ಮೂರರಾಗ ಒಂದು ಒಡಕ.

ಒಡದಾಂವ ನಾನ.
ನಾಕನೇ ಇಯತ್ತೆ. ಹುಣಸಿ ಕವಲು, ಸೈಕಲ್ ಟ್ಯೂಬು,
ಬೋರಿನ ಗಾತ್ರದ ಒಂದು ಹಳ್ಳು.
ಲೈನ್‌ಮನ್ ಮಕ್ತುಮಸಾಬ ನಡು ಓಣ್ಯಾಗ ಕಿವಿ ಹಿಡದು ತಿರುವಿದ:
"ಊರ ಕತ್ತಲಿ ಮಾಡಿದೆಲ್ಲೋ, ನಿನ್ನ ಕೈ ಸೇದಿಹೋಗಲಿ!"
ಆವತ್ತು ರಾತ್ರಿ ಹನ್ನೆರಡು ಮನಿ
ಕಂದೀಲು ಹಚ್ಚಿ ಉಂಡವು.
ಅವ್ವ ನಾಚಿ ಎರಡು ದಿನ ನೀರಿಗೂ ಹೊರಗ ಬರಲಿಲ್ಲ.

ಅದರ ಸೀಳಿದ ಅಂಚಿಗೆ ಅಂಗೈ ಸಿಕ್ಕಿತ್ತು.
ನುಣುಪಿನ ಎರಡೂ ಮೊದಲ ಜಾರಿದ್ದವು.
ಇದನ್ನ ಎಷ್ಟು ಸಲ ತಿರುವಿ ಹಾಕಿ ನೋಡಿದರೂ
ಲೆಕ್ಕ ಹತ್ತವಲ್ದು.

ಒಂದು ನೀರುಕಾಗಿ ಬಂದು ಕಂಬದ ಇನ್ನೊಂದು ತುದೀಗೆ ಕುಂತಿತು,
ನನ್ನ ನೋಡಿತು,
ರೆಕ್ಕಿ ಬಿಚ್ಚಿ ಒಣಗಿಸಾಕ ಹತ್ತಿತು.
ಜಾಗಾ ಅದರದು. ನಾ ಬಾಡಿಗಿಯಾಂವ.
ಕಾಲ ಕೆಳಗ ನಾಕಾಳು ನೀರು,
ನೀರಿನ ಕೆಳಗ ಓಣಿ,
ಓಣ್ಯಾಗ ಕಿವಿ ಕೆಂಪು ಮಾಡಿಕೊಂಡು
ಮ್ಯಾಲ ನೋಡಕೋಂತ ನಿಂತ ಒಬ್ಬ ಹುಡುಗ.

ಗಾಳಿ ನಿಂತಿತು. ಸುಮ್ಮನ ನಿಂತಿತು, ಏನೂ ಕಾರಣಿಲ್ಲದ.
ಹರಗೋಲು ಹೊಟ್ಟಿ ಮ್ಯಾಲ ಮಾಡಿ
ಸತ್ತ ಆಮಿ ಹಂಗ ತೇಲಿ ಬಂತು.
ಅದನ್ನ ತಬ್ಬಿಕೊಂಡು, ಕಾಲು ಬಡಕೋಂತ,
ದಂಡಿ ಸೇರಿದಾಗ ಬಿಸಲು ಏರಿತ್ತು.

"ಮೀನು?" ಅಂದಳು ಕಸ್ತೂರೆವ್ವ.
"ಇಲ್ಲ."
"ಬಲಿ?"
"ಹೋತು."
ಅಂಗೈ ನೋಡಿದಳು. ಅರಿಷಿಣ ಒತ್ತಿದಳು.
ಮತ್ತೇನೂ ಕೇಳಲಿಲ್ಲ, ಅದ ನನಗ ಹೆಚ್ಚು ಉರೀತು.
ಮರುದಿನ ಹರಗೋಲಿನ್ಯಾಗ ಎಣ್ಣಿ ಖಾಲಿ ಮಾಡಿದ ಒಂದು ಕ್ಯಾನು,
ಮುಚ್ಚಳ ಬಿಗಿ, ಹಿಡಿಕಿಗೆ ಹಗ್ಗ.
ಗಂಟು ನನ್ನ ಗಂಟಿಗಿಂತ ಬಿಗಿ.

ಗಾಯ ಮಾದ ಮ್ಯಾಲ
ಮಕ್ತುಮಸಾಬನ ಹುಡುಕಿಕೊಂಡು ಪುನರ್ವಸತಿಗೆ ಹೋದೆ.
ಎಂಬತ್ತು ದಾಟ್ಯಾವ, ಕಿವಿ ಪೂರಾ ಹೋಗ್ಯಾವ,
ಹೊರಸಿನ ಮ್ಯಾಲ ಕುಂತು ರೇಡಿಯೋದ ತಂತಿ ತಿಕ್ಕಾಕ ಹತ್ತಿದ್ದ.
ಅಂಗೈ ಬಿಚ್ಚಿ ಅವನ ಮುಂದ ಹಿಡದೆ.
ಬಾಳ ಹೊತ್ತು ನೋಡಿದ,
ಬೊಟ್ಟಿನಿಂದ ಕಲಿ ಸವರಿದ, ಆಮ್ಯಾಲ
"ಯಾಕೋ, ನಿಮ್ಮ ಓಣ್ಯಾಗ ಕರೆಂಟ್ ಹೋಗೇತೇನು?" ಅಂದ.

"ಬಂದೈತಿ ಕಾಕಾ," ಅಂದೆ.
ಕೇಳಿಸಲಿಲ್ಲ ಅವಗ.
ಇನ್ನೊಮ್ಮೆ ಒದರಿ ಹೇಳಿದೆ.